ಓರಗೆಯವರೇ ಅಪ್ಪ, ಮಗ

ಕನ್ನಡದ ಮೊದಲೆರಡು ಮಾತಿನ ಚಿತ್ರಗಳಲ್ಲೂ ಅಪ್ಪ-ಮಗನ ಸಂಕಟವಿದೆ. ‘ಭಕ್ತ ಧ್ರುವ’ದ ಎಳೆಯ ಮಗನಿಗೆ ತಂದೆಯ ತೊಡೆ ದಕ್ಕುವುದಿಲ್ಲ. ‘ಸತಿ ಸುಲೋಚನಾ’ದಲ್ಲಿ ತಂದೆಯ ಯುದ್ಧಕ್ಕೆ ಮಗ ಬಲಿಯಾಗುತ್ತಾನೆ. ತಯಾರಿ ಮೊದಲು ಶುರುವಾದದ್ದು ಪಾರ್ಶ್ವನಾಥ ಆಳ್ತೇಕರರ ‘ಧ್ರುವ’. ತೆರೆಗೆ ಮೊದಲು ಬಂದದ್ದು ‘ಸುಲೋಚನಾ’. ನನ್ನ ಮನಸ್ಸು ನಿಲ್ಲುವುದು ಇದರ ಮೇಲೆಯೇ.

ಇದರಲ್ಲಿ ರಾವಣ ಆರ್. ನಾಗೇಂದ್ರರಾಯರು, ಇಂದ್ರಜಿತು ಎಂ.ವಿ. ಸುಬ್ಬಯ್ಯ ನಾಯ್ಡು. ಇಬ್ಬರೂ ಹೆಚ್ಚುಕಡಿಮೆ ಓರಗೆಯವರು, ಒಂದೇ ನಾಟಕ ಕಂಪನಿ ಕಟ್ಟಿ ನಡೆಸಿದ ಜೊತೆಗಾರರು. ರಂಗದ ಮೇಲಾದರೆ ಪಾತ್ರದ ವಯಸ್ಸನ್ನು ಬಣ್ಣ, ದನಿ ತೂಗಿಸುತ್ತಿದ್ದವು. ಕ್ಯಾಮೆರಾ ಮುಖದ ಹತ್ತಿರಕ್ಕೆ ಬಂದಾಗ ಆ ಸ್ನೇಹಿತರು ಅಪ್ಪ-ಮಗನಾಗಿ ಹೇಗೆ ಕಂಡರೋ! ಆಗ ಹಿನ್ನೆಲೆ ಗಾಯನವೂ ಇರಲಿಲ್ಲ. ತಮ್ಮ ಹಾಡು ತಾವೇ ಹಾಡಬೇಕು.

ಹಣ ಹಾಕಿದವರು ಚಮನ್‌ಲಾಲ್ ಡುಂಗಾಜಿ, ಸುಮಾರು 40,000 ರೂಪಾಯಿ. ಸಂಭಾಷಣೆ, ಹಾಡು ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಚಿತ್ರೀಕರಣಕ್ಕಾಗಿ ತಂಡ ಕೊಲ್ಹಾಪುರದ ಛತ್ರಪತಿ ಸಿನಿಟೋನ್‌ಗೆ ಹೋಯಿತು. ನಿರ್ದೇಶಕ ವೈ.ವಿ. ರಾವ್ ತಾವೇ ಲಕ್ಷ್ಮಣನ ವೇಷ ಹಾಕಿದರು. 1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರುಕಟ್ಟೆ ಬಳಿಯ ಪ್ಯಾರಮೌಂಟ್ ಟಾಕೀಸಿನಲ್ಲಿ ಲಂಕೆಯ ಅಪ್ಪ-ಮಗ ಕನ್ನಡದಲ್ಲಿ ಮಾತಾಡಿದರು.

ಮುಂದೆ ಇಬ್ಬರ ಮನೆಯಲ್ಲೂ ಅದೇ ಕತೆ ಬೇರೆ ರೂಪದಲ್ಲಿ ಬೆಳೆಯಿತು. ನಾಗೇಂದ್ರರಾಯರು 1961ರಲ್ಲಿ ‘ವಿಜಯನಗರದ ವೀರಪುತ್ರ’ ತೆಗೆದಾಗ ನಾಯಕ ಮಗ ಸುದರ್ಶನ್, ಹಾಡು ಬರೆದವರು ಇನ್ನೊಬ್ಬ ಮಗ ಜಯಗೋಪಾಲ್. ನಾಯ್ಡು ಅವರು 1962ರಲ್ಲಿ ತೀರಿಕೊಂಡರು. ಅವರ ಮಗ ಲೋಕೇಶ್ 1974ರಲ್ಲಿ ‘ಭೂತಯ್ಯನ ಮಗ ಅಯ್ಯು’ ಆದರು. ಅಪ್ಪನ ಕ್ರೌರ್ಯದ ಸಾಲವನ್ನು ಹೊತ್ತ ಮಗನ ಪಾತ್ರ. ಅಯ್ಯುವಿನ ಮುಖವನ್ನು ಈಗಲೂ ನೋಡಬಹುದು. ಲೋಕೇಶರ ತಂದೆಯ ಇಂದ್ರಜಿತುವನ್ನು ನೋಡಲಾಗದು. ‘ಸತಿ ಸುಲೋಚನಾ’ದ ಒಂದು ಪ್ರಿಂಟೂ ಉಳಿದಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದೇ 1964ರಲ್ಲಿ. ಅಷ್ಟರಲ್ಲಿ ಮೂವತ್ತು ವರ್ಷ ಕಳೆದಿತ್ತು. ಒಂದು ಭಾಷೆ ತೆರೆಯ ಮೇಲೆ ಆಡಿದ ಮೊದಲ ಮಾತನ್ನು ನಾವು ಇಷ್ಟು ಸುಲಭವಾಗಿ ಕಳೆದುಕೊಂಡೆವಲ್ಲ ಎಂದು ಹೊಟ್ಟೆ ಉರಿಯುತ್ತದೆ.

ನಿಮ್ಮ ಅಜ್ಜನ ಟ್ರಂಕಿನಲ್ಲಿ, ಅಟ್ಟದ ಮೇಲೆ ಆ ಕಾಲದ ಸಿನಿಮಾ ಹಾಡಿನ ಪುಸ್ತಕ, ಕರಪತ್ರ, ಫೋಟೊ ಏನಾದರೂ ಸಿಕ್ಕರೆ ದಯವಿಟ್ಟು ರದ್ದಿಗೆ ಹಾಕಬೇಡಿ.