ಹಳದಿ ದೀಪದ ಹಿಂದಿನ ಹೊಗೆ

ಡ್ಯಾಶ್‌ಬೋರ್ಡಿನಲ್ಲಿ ಹಳದಿ ಬಣ್ಣದ ಪುಟ್ಟ ಇಂಜಿನ್ ಚಿತ್ರ ಹೊತ್ತಿಕೊಂಡಿತೆಂದರೆ ಹೊಸದಾಗಿ ಕಾರು ಕೊಂಡವರ ಎದೆ ಧಸಕ್ಕೆನ್ನುತ್ತದೆ. ಗಾಡಿ ಎಂದಿನಂತೆ ಓಡುತ್ತಿರುತ್ತದೆ, ಪಿಕಪ್ಪಿಗೂ ಕೊರತೆಯಿಲ್ಲ, ವಿಚಿತ್ರ ಸದ್ದೂ ಇಲ್ಲ. ದೀಪ ಮಾತ್ರ ಆರುವುದಿಲ್ಲ. ಸರ್ವಿಸ್ ಸೆಂಟರಿಗೆ ಒಯ್ದರೆ ಅಲ್ಲಿನ ಹುಡುಗ ಸ್ಟೀರಿಂಗಿನ ಕೆಳಗೆ ಕೈಹಾಕಿ ಯಾವುದೋ ವಯರು ಸಿಕ್ಕಿಸುತ್ತಾನೆ, ಪರದೆ ನೋಡಿ ತಲೆಯಾಡಿಸುತ್ತಾನೆ, ಆಮೇಲೆ ಎಸ್ಟಿಮೇಟು ಕೈಗಿಡುತ್ತಾನೆ. ಅವನು ವಯರು ಸಿಕ್ಕಿಸಿದ್ದು 16 ಪಿನ್ನಿನ ಒಂದು ಸಾಕೆಟ್ಟಿಗೆ. ತಮ್ಮ ಕಾರಿನ ರಿಪೇರಿಯನ್ನು ತಾವೇ ಕಲಿಯಬೇಕೆನ್ನುವವರು ಇವತ್ತು ಪಾನಾ ಹಿಡಿಯುವ ಮೊದಲು ಹುಡುಕಿಕೊಳ್ಳಬೇಕಾದದ್ದು ಆ ಸಾಕೆಟ್ಟನ್ನೇ. ಅದನ್ನು ಅಲ್ಲಿ ಇಡಿಸಿದ್ದು ಕಾರು ಕಂಪನಿಗಳ ಔದಾರ್ಯವಲ್ಲ, ಲಾಸ್ ಏಂಜಲೀಸಿನ ಹೊಗೆ.

1943ರ ಜುಲೈ 26ರಂದು ಆ ಊರಿನ ಮೇಲೆ ದಟ್ಟ ಮಬ್ಬು ಕವಿಯಿತು. ಕಣ್ಣು ಉರಿ, ಗಂಟಲು ಕೆರೆತ, ಮೂರು ಬೀದಿಯಾಚೆ ಏನೂ ಕಾಣದು. ಯುದ್ಧಕಾಲವಾದ್ದರಿಂದ ಜಪಾನಿನವರು ವಿಷಾನಿಲ ಬಿಟ್ಟರೇನೋ ಎಂದು ಜನ ಹೆದರಿದರು. ಆಮೇಲೆ ಗುಮಾನಿ ಬಿದ್ದದ್ದು ಕೃತಕ ರಬ್ಬರಿಗೆ ಬೇಕಾದ ಬ್ಯುಟಡೈನ್ ತಯಾರಿಸುತ್ತಿದ್ದ ಕಾರ್ಖಾನೆಯ ಮೇಲೆ. ಅದರ ಬಾಗಿಲು ಹಾಕಿಸಿದರೂ ಮಬ್ಬು ಬರುವುದು ನಿಲ್ಲಲಿಲ್ಲ.

ಗುಟ್ಟು ಬಿಡಿಸಿದವರು ಕ್ಯಾಲ್‌ಟೆಕ್ ಸಂಸ್ಥೆಯಲ್ಲಿದ್ದ ಡಚ್ ಮೂಲದ ರಸಾಯನ ವಿಜ್ಞಾನಿ ಆರಿ ಹಾಗೆನ್-ಸ್ಮಿಟ್. ಅವರು ಅನಾನಸಿನ ಪರಿಮಳ ಎಲ್ಲಿಂದ ಬರುತ್ತದೆ ಎಂದು ಹುಡುಕುತ್ತಿದ್ದವರು. ಹಣ್ಣಿನ ಕಂಪನ್ನು ಹಿಡಿದಿಡಲು ಮಾಡಿಕೊಂಡಿದ್ದ ಉಪಕರಣದೊಳಕ್ಕೆ ಊರಿನ ಮಬ್ಬುಗಾಳಿಯನ್ನು ಎಳೆದು ತಣಿಸಿದಾಗ ಕಂದುಬಣ್ಣದ ನಾಲ್ಕು ಹನಿ ದಕ್ಕಿತು. ಪೆಟ್ರೋಲಿನ ಅರೆಬೆಂದ ಆವಿಯೂ ನೈಟ್ರೋಜನ್ ಆಕ್ಸೈಡುಗಳೂ ಬಿಸಿಲಿನಲ್ಲಿ ಬೆರೆತು ಓಜೋನ್ ಹುಟ್ಟುತ್ತದೆ, ಕಣ್ಣುರಿಯ ಬೇರು ಅಲ್ಲಿದೆ ಎಂದು 1950ರ ದಶಕದ ಆರಂಭದಲ್ಲಿ ಅವರು ತೋರಿಸಿಕೊಟ್ಟರು. ಆರೋಪಿ ಯಾರೆಂದರೆ ಊರಿನ ಲಕ್ಷಾಂತರ ಕಾರುಗಳು. ಕಾರು ಕಂಪನಿಗಳೂ ತೈಲ ಕಂಪನಿಗಳೂ ಬಹಳ ಕಾಲ ಇದನ್ನು ಒಪ್ಪಲಿಲ್ಲ. ಆದರೆ 1968ರಲ್ಲಿ ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿ ಕೆಲಸ ಶುರುಮಾಡಿದಾಗ ಮೊದಲ ಅಧ್ಯಕ್ಷರಾಗಿ ಕೂತದ್ದು ಇದೇ ಅನಾನಸಿನ ವಿಜ್ಞಾನಿ.

ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ, ಹೊಗೆಗೂ ಕಾನೂನಿಗೂ ಸಂಬಂಧವೇ ಇಲ್ಲದ ಒಂದು ಕೆಲಸ ನಡೆದಿತ್ತು. ಜಾನ್ ಹೇನ್ಸ್ ಎಂಬ ತರುಣ ಶಾಲೆಯಲ್ಲಿರುವಾಗಲೇ ಹಳೆಯ ಆಸ್ಟಿನ್ 7 ಕಾರನ್ನು ಬಿಚ್ಚಿ, ಅದನ್ನು ಪುಟ್ಟ ಸ್ಪೋರ್ಟ್ಸ್ ಕಾರು ಮಾಡಿಕೊಂಡು, ಹೇಗೆ ಮಾಡಿದೆ ಎಂದು ಒಂದು ಕಿರುಹೊತ್ತಗೆ ಬರೆದು ಮಾರಿದ್ದ. ಮುಂದೆ ವಾಯುಪಡೆ ಸೇರಿ ಏಡನ್‌ನಲ್ಲಿದ್ದಾಗ, 1965ರಲ್ಲಿ, ಸಹೋದ್ಯೋಗಿಯೊಬ್ಬನ ಆಸ್ಟಿನ್-ಹೀಲಿ ಸ್ಪ್ರೈಟ್ ರಿಪೇರಿಗೆ ಕೈಹಾಕಿದ. ಕಂಪನಿಯ ಕೈಪಿಡಿ ತೆರೆದರೆ ಅದು ತರಬೇತಾದ ಮೆಕ್ಯಾನಿಕ್ಕಿಗಾಗಿ ಬರೆದದ್ದು, ಮನೆಯಲ್ಲಿ ಕೂತು ಬಿಚ್ಚುವವನಿಗೆ ತಲೆಬುಡ ಗೊತ್ತಾಗುವಂತಿರಲಿಲ್ಲ. ಹೇನ್ಸ್ ಕ್ಯಾಮೆರಾ ಹಿಡಿದ. ಒಂದೊಂದು ಭಾಗ ಬಿಚ್ಚಿದಾಗಲೂ ಒಂದು ಫೋಟೊ, ಮತ್ತೆ ಕೂಡಿಸುವಾಗಲೂ ಒಂದು ಫೋಟೊ. 1966ರಲ್ಲಿ ಅದು ಪುಸ್ತಕವಾಯಿತು. ಮುಂದೆ ಆತನ ಸಂಸ್ಥೆ ಕಾರೊಂದನ್ನು ತಂದು ಪೂರಾ ಬಿಚ್ಚಿ ಕೂಡಿಸಿಯೇ ಅದರ ಪುಸ್ತಕ ಬರೆಯುವ ಪದ್ಧತಿ ಇಟ್ಟುಕೊಂಡಿತು. ರಿಪೇರಿ ಕಲಿಯುವವನಿಗೆ ಧೈರ್ಯಕ್ಕಿಂತ ಹೆಚ್ಚಾಗಿ ಬೇಕಾದದ್ದು ಯಾರೋ ಬಿಚ್ಚಿ ನೋಡಿ ಬರೆದಿಟ್ಟ ಪುಟ ಎಂಬುದು ಆತನಿಗೆ ತಿಳಿದಿತ್ತು.

ನಮ್ಮಲ್ಲಿ ಅಂಥ ಪುಟಗಳಿಗಿಂತ ಕಣ್ಣಳತೆಯೇ ಹೆಚ್ಚು ನಡೆಯಿತು. 1958ರಿಂದ 2014ರವರೆಗೆ ತಯಾರಾದ ಅಂಬಾಸಿಡರ್ ಮೂಲತಃ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಅದರ ಬಾನೆಟ್ಟು ಎತ್ತಿದರೆ ಇಂಜಿನ್ನಿನ ಸುತ್ತ ಕೈಯಾಡಿಸಲು ಧಾರಾಳ ಜಾಗ. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಪಾಯಿಂಟಿಗೆ ಎಮರಿ ಪೇಪರ್ ಎಳೆದು, ಫೀಲರ್ ಗೇಜ್ ಇದ್ದರೆ ಅದರಿಂದ, ಇಲ್ಲದಿದ್ದರೆ ಅಂದಾಜಿನಲ್ಲಿ ಗ್ಯಾಪ್ ಹೊಂದಿಸುವುದು. ಕಾರ್ಬುರೇಟರಿನ ಜೆಟ್ ಕಟ್ಟಿಕೊಂಡರೆ ಬಿಚ್ಚಿ ಬಾಯಿಂದ ಊದುವುದು. ದೂರದೂರಿಗೆ ಹೊರಟ ಡ್ರೈವರು ಇಷ್ಟನ್ನು ಗ್ಯಾರೇಜಿನ ಮೇಸ್ತ್ರಿ ಪಕ್ಕದಲ್ಲಿ ನಿಂತು ನೋಡಿಯೇ ಕಲಿತಿರುತ್ತಿದ್ದ. ಆ ಕಾಲದ ಕಾರುಗಳ ಬಗ್ಗೆ ನಾವು ಹಾಡಿ ಹೊಗಳುವುದು ಸ್ವಲ್ಪ ಅತಿಯಾಯಿತೆಂದೇ ನನಗೆ ಅನಿಸುತ್ತದೆ. ಅಷ್ಟು ಸಲ ರಿಪೇರಿ ಕಲಿಯಬೇಕಾಗಿ ಬಂದದ್ದು ಅವು ಅಷ್ಟು ಸಲ ಕೆಡುತ್ತಿದ್ದುದರಿಂದ.

ಈ ಕೈಚಳಕಕ್ಕೆ ಕುತ್ತು ತಂದದ್ದೂ ಹೊಗೆಯ ಕಾನೂನೇ. 1970ರಲ್ಲಿ ಅಮೆರಿಕದ ಕೇಂದ್ರ ಕಾಯ್ದೆ ಹೊಸ ಕಾರುಗಳ ಹೊಗೆಯ ವಿಷಗಳನ್ನು ಶೇ 90ರಷ್ಟು ಇಳಿಸಬೇಕೆಂದಿತು. ಅದಕ್ಕೆ ಸಿಕ್ಕ ದಾರಿ ಕ್ಯಾಟಲಿಟಿಕ್ ಕನ್ವರ್ಟರ್. ಸೈಲೆನ್ಸರ್ ದಾರಿಯಲ್ಲಿ ಕೂರುವ, ಜೇನುಗೂಡಿನಂಥ ರಂಧ್ರಗಳ ಈ ಡಬ್ಬಿ ಹೊಗೆಯ ಮುಖ್ಯ ವಿಷಗಳನ್ನೆಲ್ಲ ಒಟ್ಟಿಗೆ ಮುರಿಯಬೇಕಾದರೆ ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಇರಬೇಕು, ಆಚೀಚೆ ಆಗಕೂಡದು. ಸ್ಕ್ರೂ ತಿರುಗಿಸಿ ಹೊಂದಿಸುವ ಕಾರ್ಬುರೇಟರಿನಿಂದ ಅದಾಗದ ಮಾತು. ಹೊಗೆಯಲ್ಲಿ ಉಳಿದ ಆಕ್ಸಿಜನ್ ಅಳೆಯುವ ಸೆನ್ಸರ್ ಬೇಕು, ಅದು ಹೇಳಿದ್ದನ್ನು ಕೇಳಿ ಸೆಕೆಂಡಿಗೆ ಎಷ್ಟೋ ಸಲ ಪೆಟ್ರೋಲ್ ಹೆಚ್ಚುಕಮ್ಮಿ ಮಾಡುವ ಕಂಪ್ಯೂಟರ್ ಬೇಕು. ಹೀಗೆ 1970ರ ದಶಕದ ಕೊನೆಗೆ ಕಾರಿನೊಳಗೆ ಸಿಲಿಕಾನ್ ಕಾಲಿಟ್ಟಿತು. ಮೇಸ್ತ್ರಿಯ ಕಿವಿಗೂ ಮೂಗಿಗೂ ನಿಲುಕದ್ದೊಂದು ಬಾನೆಟ್ಟಿನಡಿ ಸೇರಿಕೊಂಡಿತು.

ಇಲ್ಲೊಂದು ಸೂಕ್ಷ್ಮವಿದೆ. ಹಳೆಯ ಇಂಜಿನ್ ಕೆಟ್ಟರೆ ಕೆಮ್ಮುತ್ತಿತ್ತು, ಕುಲುಕುತ್ತಿತ್ತು. ಕಂಪ್ಯೂಟರಿನ ಇಂಜಿನ್ ಹಾಗಲ್ಲ. ಒಂದು ಸೆನ್ಸರ್ ಸತ್ತರೆ ಅಂದಾಜಿನ ಲೆಕ್ಕ ಹಿಡಿದು ಹೇಗೋ ಓಡಿಸಿಬಿಡುತ್ತದೆ. ಓಡಿಸುವವನಿಗೆ ಏನೂ ಗೊತ್ತಾಗುವುದಿಲ್ಲ, ಹೊಗೆ ಮಾತ್ರ ಕೆಡುತ್ತದೆ. ಹಾಗಾಗಿ ಕ್ಯಾಲಿಫೋರ್ನಿಯಾದ ಮಂಡಳಿ ಹಟ ಹಿಡಿಯಿತು: ಕೆಟ್ಟದ್ದನ್ನು ಕಾರು ತಾನೇ ಗುರುತಿಸಬೇಕು, ದೀಪ ಹೊತ್ತಿಸಿ ಹೇಳಬೇಕು. 1988ರ ಮಾದರಿಗಳಿಂದ ಅಲ್ಲಿ ಅದು ಕಡ್ಡಾಯವಾಯಿತು.

ಅದಕ್ಕೂ ಮುಂಚೆ, 1981ರ ಹೊತ್ತಿಗೇ, ಜನರಲ್ ಮೋಟರ್ಸಿನ ಕಾರುಗಳು ತಮ್ಮ ರೋಗವನ್ನು ದೀಪದ ಮಿಟುಕಿನಲ್ಲಿ ಹೇಳುತ್ತಿದ್ದವು. ಅವುಗಳ ಡ್ಯಾಶ್‌ಬೋರ್ಡಿನಡಿ ಇದ್ದ ಕನೆಕ್ಟರಿನ ಎರಡು ತೂತುಗಳ ನಡುವೆ ಮಡಿಸಿದ ಪೇಪರ್ ಕ್ಲಿಪ್ ತುರುಕಿ ಕೀಲಿ ತಿರುಗಿಸಿದರೆ ದೀಪ ಒಮ್ಮೆ ಮಿಟುಕಿ, ತಡೆದು, ಎರಡು ಸಲ ಮಿಟುಕುತ್ತಿತ್ತು: ಅಂದರೆ 12. ನಾನು ಮಾತಾಡಬಲ್ಲೆ ಎಂದು ಹೇಳುವ ರೀತಿ ಅದು. ಆಮೇಲೆ ದೋಷಗಳ ಸಂಖ್ಯೆ. ಮನೆಯಲ್ಲಿ ರಿಪೇರಿ ಮಾಡಿಕೊಳ್ಳುವವರು ಕಾಗದ ಪೆನ್ಸಿಲ್ ಹಿಡಿದು ಕೂತು ಮಿಟುಕು ಎಣಿಸಿದರು. ತೊಡಕೆಂದರೆ ಒಂದೊಂದು ಕಂಪನಿಗೆ ಒಂದೊಂದು ಕನೆಕ್ಟರ್, ಒಂದೊಂದು ಸಂಕೇತ.

ಆ ಗೊಂದಲ ಕೊನೆಗೊಂಡದ್ದು 1996ರಲ್ಲಿ. ಅಮೆರಿಕದಲ್ಲಿ ಮಾರಾಟವಾಗುವ ಪ್ರತಿ ಹೊಸ ಕಾರಿನಲ್ಲೂ ಒಂದೇ ಆಕಾರದ 16 ಪಿನ್ನಿನ ಸಾಕೆಟ್ಟು, ಡ್ರೈವರಿನ ಕಾಲಿನ ಮೇಲ್ಭಾಗದಲ್ಲಿ, ಪಾನಾ ಇಲ್ಲದೆ ಕೈಗೆಟುಕುವಂತಿರಬೇಕೆಂದು ವಿಧಿಸಲಾಯಿತು. ಮುಖ್ಯ ದೋಷಗಳ ಸಂಕೇತವೂ ಎಲ್ಲರಿಗೂ ಒಂದೇ. ಇದೇ ಒಬಿಡಿ-2. ಯುರೋಪ್ 2001ರಲ್ಲಿ ಪೆಟ್ರೋಲ್ ಕಾರುಗಳಿಗೆ ಇದನ್ನು ತಂದಿತು. ಭಾರತದಲ್ಲಿ 2010ರ ಏಪ್ರಿಲ್‌ನಲ್ಲಿ ಬೆಂಗಳೂರೂ ಸೇರಿ 13 ನಗರಗಳಿಗೆ ಬಿಎಸ್-4 ಹೊಗೆ ನಿಯಮ ಬಂದಾಗ ಇದರ ಮೊದಲ ಹಂತ, 2013ರ ಏಪ್ರಿಲ್‌ನಿಂದ ಎರಡನೆಯ ಹಂತ.

ಸಾಕೆಟ್ಟೇನೋ ಬಂತು, ಅದಕ್ಕೆ ಸಿಕ್ಕಿಸುವ ಯಂತ್ರ ಗ್ಯಾರೇಜಿನವರಿಗೇ ದುಬಾರಿ. ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಎಂಬ ಸಣ್ಣ ಕಂಪನಿ ಕಾರಿನ ಭಾಷೆಯನ್ನು ಕಂಪ್ಯೂಟರಿಗೆ ದಾಟಿಸುವ ಇಎಲ್ಎಂ327 ಎಂಬ ಚಿಪ್ ಮಾಡಿತು. ಅದರ ಮೊದಲ ಆವೃತ್ತಿಗೆ ನಕಲು ತಡೆಯುವ ಬೀಗ ಹಾಕಿರಲಿಲ್ಲ. ನಕಲಿಗಳು ಜಗತ್ತಿನ ತುಂಬ ಹರಡಿದವು. ಇವತ್ತು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿ ಸಾಲಿನಲ್ಲೋ ಆನ್‌ಲೈನಿನಲ್ಲೋ ಕೆಲವೇ ನೂರು ರೂಪಾಯಿಗೆ ಸಿಗುವ, ಬೆಂಕಿಪೊಟ್ಟಣದಷ್ಟಿರುವ ಬ್ಲೂಟೂತ್ ಸ್ಕ್ಯಾನರುಗಳಲ್ಲಿ ಹೆಚ್ಚಿನವು ಆ ಚಿಪ್ಪಿನ ಅನಧಿಕೃತ ಮಕ್ಕಳು. ಎಲ್ಮ್ ಕಂಪನಿ 2022ರಲ್ಲಿ ಬಾಗಿಲು ಹಾಕಿತು. ನ್ಯಾಯವೆನ್ನಲು ಬಾಯಿ ಬಾರದು. ಆದರೆ ಕಾರಿನ ಒಳಮಾತು ಸಾಮಾನ್ಯನ ಮೊಬೈಲಿಗೆ ಬಂದದ್ದು ಹೀಗೆಯೇ.

ಅದು ಬಂದು ಮಾಡುವುದೇನು ಎಂಬುದಕ್ಕೆ ಒಂದು ಉದಾಹರಣೆ ಸಾಕು. ಸಣ್ಣ ಪೆಟ್ರೋಲ್ ಕಾರು, ಸಿಗ್ನಲಿನಲ್ಲಿ ನಿಂತಾಗ ನಡುಗುತ್ತದೆ, ಏರಿನಲ್ಲಿ ಮಿಸ್ಸಿಂಗ್ ಹೊಡೆಯುತ್ತದೆ. ಸ್ಕ್ಯಾನರ್ ಸಿಕ್ಕಿಸಿದರೆ ಪರದೆಯ ಮೇಲೆ ಪಿ0301. ‘ಪಿ’ ಅಂದರೆ ಇಂಜಿನ್-ಗೇರುಪೆಟ್ಟಿಗೆ ವಿಭಾಗ, ಸೊನ್ನೆ ಅಂದರೆ ಎಲ್ಲ ಕಂಪನಿಗಳಿಗೂ ಸಾಮಾನ್ಯವಾದ ಸಂಕೇತ, 3 ಅಂದರೆ ಕಿಡಿಗೆ ಅಥವಾ ಮಿಸ್ಸಿಂಗಿಗೆ ಸಂಬಂಧಿಸಿದ್ದು, ಕೊನೆಯ 01 ಅಂದರೆ ಒಂದನೇ ಸಿಲಿಂಡರ್. ಒಂದನೇ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಎಂದಷ್ಟೇ ಇದರ ಅರ್ಥ. ಯಾಕೆ ಎಂದು ಕಾರು ಹೇಳುವುದಿಲ್ಲ. ಹೊಟ್ಟೆನೋವು ಎಂದು ಅಳುವ ಮಗುವಿನಷ್ಟೇ ಅದರ ಮಾಹಿತಿ. ಕಿಡಿ ಕೊಡುವ ಕಾಯಿಲ್ ಸುಟ್ಟಿರಬಹುದು, ಪ್ಲಗ್ ಸವೆದಿರಬಹುದು, ಇಂಜೆಕ್ಟರ್ ಕಟ್ಟಿರಬಹುದು, ಕಂಪ್ರೆಷನ್ ಇಳಿದಿರಬಹುದು.

ಒಂದು ಪೈಸೆ ಖರ್ಚಿಲ್ಲದೆ ಪರೀಕ್ಷಿಸುವ ದಾರಿಯಿದೆ. ಮೊದಲು ಕೋಡ್ ಬರೆದಿಟ್ಟುಕೊಳ್ಳಬೇಕು, ಅದರ ಜೊತೆ ದಾಖಲಾಗಿರುವ ಆ ಕ್ಷಣದ ವೇಗ, ಆರ್‌ಪಿಎಂ, ಕೂಲಂಟ್ ಬಿಸಿ ಎಲ್ಲವನ್ನೂ. ಅಳಿಸುವ ಬಟನ್ ಒತ್ತಿದರೆ ಇವೆಲ್ಲ ಮಾಯ. ಆಮೇಲೆ ಇಂಜಿನ್ ಪೂರ್ತಿ ತಣ್ಣಗಾಗುವವರೆಗೆ ಕಾದು, ಕೀಲಿ ತೆಗೆದು ಬಾನೆಟ್ಟು ಎತ್ತಬೇಕು. ಅಡ್ಡ ಕೂತ ನಾಲ್ಕು ಸಿಲಿಂಡರಿನ ಇಂಜಿನ್ನಾದರೆ ಬಹುತೇಕ ಕಾರುಗಳಲ್ಲಿ ಬೆಲ್ಟಿನ ಬದಿಯದು ಒಂದನೆಯದು. ಅದರ ನೆತ್ತಿಯ ಮೇಲೆ ಕರಿಯ ಪ್ಲಾಸ್ಟಿಕ್ ತಲೆಯ ಕಾಯಿಲ್ ಕೂತಿರುತ್ತದೆ. ಕನೆಕ್ಟರಿನ ನಾಲಗೆ ಒತ್ತಿ ವಯರು ಬಿಡಿಸಿ (ವಯರು ಹಿಡಿದು ಎಳೆಯಬಾರದು), ಹೆಚ್ಚಾಗಿ 10 ಎಂಎಂ ಇರುವ ಒಂದೇ ಬೋಲ್ಟು ಬಿಚ್ಚಿ, ಕಾಯಿಲನ್ನು ತುಸು ತಿರುವುತ್ತ ಮೇಲೆತ್ತಿದರೆ ಉದ್ದನೆಯ ರಬ್ಬರ್ ಕಾಲಿನ ಸಮೇತ ಹೊರಬರುತ್ತದೆ. ಪಕ್ಕದ ಎರಡನೇ ಕಾಯಿಲನ್ನೂ ಹಾಗೆಯೇ ತೆಗೆದು, ಒಂದರ ಜಾಗಕ್ಕೆ ಇನ್ನೊಂದನ್ನು ಕೂರಿಸಿ, ಕೋಡ್ ಅಳಿಸಿ, ಗಾಡಿ ಓಡಿಸಿ ನೋಡಬೇಕು. ಈಗ ಪಿ0302 ಬಂದರೆ ರೋಗ ಕಾಯಿಲಿನದು, ಅದು ತನ್ನ ಜೊತೆ ಕೋಡನ್ನೂ ಹೊತ್ತು ಹೋಗಿದೆ. ಕೋಡ್ ಪಿ0301 ಎಂದೇ ಉಳಿದರೆ ಕಾಯಿಲ್ ನಿರ್ದೋಷಿ. ಮುಂದೆ ಪ್ಲಗ್ಗಿಗೂ ಇದೇ ಪರೀಕ್ಷೆ. ಪ್ಲಗ್ ಕೂರಿಸುವಾಗ ಮೊದಲ ಸುತ್ತುಗಳನ್ನು ಬೆರಳಿನಲ್ಲೇ ತಿರುಗಿಸಬೇಕು, ಬಿಗಿ ಬಂದಮೇಲೆ ಪಾನಾ. ಅಲ್ಯೂಮಿನಿಯಂ ಸಿಲಿಂಡರ್ ಹೆಡ್ಡಿನ ಥ್ರೆಡ್ಡು ಹಾಳಾದರೆ ನೂರು ರೂಪಾಯಿಯ ಕೆಲಸ ಸಾವಿರಗಳಿಗೆ ಏರುತ್ತದೆ.

ಹಳದಿ ದೀಪ ನಿಶ್ಚಲವಾಗಿ ಉರಿಯುತ್ತಿದ್ದರೆ ಮನೆ ತಲುಪಲು ಅಡ್ಡಿಯಿಲ್ಲ. ಮಿಟುಕತೊಡಗಿದರೆ ಗಾಡಿ ಬದಿಗೆ ಹಾಕುವುದು ಲೇಸು: ಉರಿಯದ ಪೆಟ್ರೋಲ್ ಕನ್ವರ್ಟರಿನೊಳಗೆ ಹೋಗಿ ಉರಿದು, ಆ ದುಬಾರಿ ಡಬ್ಬಿಯನ್ನೇ ಸುಡುತ್ತಿರುತ್ತದೆ. ಆಯಿಲ್ ಕ್ಯಾನಿನ ಚಿತ್ರದ ಕೆಂಪು ದೀಪ ಹೊತ್ತಿದರಂತೂ ಯೋಚಿಸುವಂತಿಲ್ಲ, ನಿಂತಲ್ಲೇ ಇಂಜಿನ್ ಬಂದ್.

ಹಳದಿ ದೀಪ ಹುಟ್ಟಿದ್ದು ಹೊಗೆಗಾಗಿ ಎಂಬುದನ್ನು ಕಲಿಯುವವರು ನೆನಪಿಟ್ಟುಕೊಳ್ಳಬೇಕು, ಯಾಕೆಂದರೆ ಅದು ಕಾಯುವುದು ಪಕ್ಕದ ಮನೆಯವರ ಶ್ವಾಸಕೋಶವನ್ನು. ಬ್ರೇಕ್ ಪ್ಯಾಡ್ ಸವೆದರೂ, ಟೈರಿನ ಅಂಚು ಬೋಳಾದರೂ, ಸಸ್ಪೆನ್ಷನ್ನಿನ ಬುಷ್ ಹರಿದು ಹಳ್ಳದಲ್ಲಿ ಕಟಕಟ ಅಂದರೂ ಅದು ಸೊಲ್ಲೆತ್ತುವುದಿಲ್ಲ. ಅಲ್ಲಿಗೆ ಹಳೆಯ ಮೇಸ್ತ್ರಿಯ ಕಿವಿಯೇ ಬೇಕು. ಕಾರು ಎತ್ತಿ ಅಡಿಗೆ ಹೋಗುವ ಕೆಲಸವಿದ್ದರೆ ಬರೀ ಜಾಕಿಯನ್ನು ನಂಬದೆ ಕಬ್ಬಿಣದ ಸ್ಟ್ಯಾಂಡ್ ಕೊಟ್ಟಿರಬೇಕು, ಸಮತಟ್ಟು ನೆಲವಿರಬೇಕು. ಏರ್‌ಬ್ಯಾಗಿನ ಹಳದಿ ಕನೆಕ್ಟರುಗಳ ತಂಟೆಗೆ ಹವ್ಯಾಸಿಗಳು ಹೋಗದಿದ್ದರೇ ಒಳ್ಳೆಯದು.

ಸಾಕೆಟ್ಟು ಒಂದೇ ಆದರೂ ಅದರಾಚೆ ಎಲ್ಲ ಬಾಗಿಲೂ ತೆರೆದಿಲ್ಲ. ಕಂಪನಿಗೇ ಸೀಮಿತವಾದ ಕೋಡುಗಳು, ಹೊಸ ಬಿಡಿಭಾಗಕ್ಕೆ ಕಂಪ್ಯೂಟರಿನ ಒಪ್ಪಿಗೆ ಪಡೆಯುವ ಕೆಲಸ ಇವೆಲ್ಲ ಕಂಪನಿಯ ಯಂತ್ರದಲ್ಲೇ ಉಳಿದಿವೆ. ಬಿಡಿಭಾಗವನ್ನೂ ತಪಾಸಣಾ ಉಪಕರಣವನ್ನೂ ಹೊರಗಿನ ಗ್ಯಾರೇಜುಗಳಿಗೆ ಕೊಡುತ್ತಿಲ್ಲವೆಂಬ ದೂರಿನ ಮೇಲೆ ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಸುಮಾರು ₹2,545 ಕೋಟಿ ದಂಡ ಹಾಕಿತು, ಅವೆರಡೂ ಮುಕ್ತವಾಗಿ ಸಿಗುವಂತೆ ಮಾಡಬೇಕೆಂದಿತು. ಮೇಲ್ಮನವಿಗಳಲ್ಲಿ ವಿಷಯ ಎಳೆದಾಡಿತು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಪೋರ್ಟಲ್ ತೆರೆಯಿತು. ವಾಹನಗಳೂ ಅದರ ಪಟ್ಟಿಯಲ್ಲಿವೆ. ಪೋರ್ಟಲ್ ಇದೆ ಎಂದಮಾತ್ರಕ್ಕೆ ವಯರಿಂಗ್ ನಕಾಶೆ ಕೈಗೆ ಬಂದಂತಲ್ಲ.

ಇನ್ನು ಬ್ಯಾಟರಿ ಕಾರು. ಅದಕ್ಕೆ ಹೊಗೆಯೇ ಇಲ್ಲ, ಆದ್ದರಿಂದ ಹೊಗೆಯ ಕಾನೂನಿನಡಿ ಸಾಕೆಟ್ಟು ಇಡಬೇಕಾದ ಬಾಧ್ಯತೆಯೂ ಇಲ್ಲ. ಹಳೆಯ ಬ್ಯಾಟರಿ ಕಾರು ಕೊಳ್ಳುವವರಿಗೆ ಬ್ಯಾಟರಿಯಲ್ಲಿ ಇನ್ನೆಷ್ಟು ಕಸುವಿದೆ ಎಂಬುದೇ ಮೊದಲ ಪ್ರಶ್ನೆ, ಉತ್ತರ ಮಾತ್ರ ಕಂಪನಿ ತೋರಿಸಿದಷ್ಟೇ. ಇಲ್ಲಿಯೂ ಮೊದಲು ಎಚ್ಚೆತ್ತದ್ದು ಕ್ಯಾಲಿಫೋರ್ನಿಯಾ. ಬ್ಯಾಟರಿಯ ಆರೋಗ್ಯ ಯಜಮಾನನಿಗೆ ಕಾಣಬೇಕು, ಮಾಹಿತಿ ಒಂದೇ ನಮೂನೆಯಲ್ಲಿ ಸಿಗಬೇಕು ಎಂದು 2022ರಲ್ಲಿ ಅಲ್ಲಿನ ಮಂಡಳಿ 2026ರ ಮಾದರಿಗಳಿಗಾಗಿ ನಿಯಮ ಮಾಡಿತು. ಆ ನಿಯಮಾವಳಿಗೆ ಅಮೆರಿಕದ ಕೇಂದ್ರ ಸರ್ಕಾರ ಕೊಟ್ಟಿದ್ದ ಅನುಮತಿಯನ್ನು 2025ರ ಜೂನ್‌ನಲ್ಲಿ ಅಮೆರಿಕದ ಸಂಸತ್ತು ಮತ್ತು ಅಧ್ಯಕ್ಷರು ಸೇರಿ ರದ್ದುಮಾಡಿದರು. ಕ್ಯಾಲಿಫೋರ್ನಿಯಾ ಅದೇ ದಿನ ನ್ಯಾಯಾಲಯದ ಮೆಟ್ಟಿಲು ಹತ್ತಿತು.