ಎರಡು ಹೊಳೆಗಳ ನಡುವಿನ ಲೆಕ್ಕ

ಜುಲೈ ತಿಂಗಳ ಬೆಳಗು. ಶಿವಮೊಗ್ಗ ಬಳಿಯ ಮಲವಗೊಪ್ಪದ ಬಿ.ಎಚ್. ರಸ್ತೆ ನೆಂದು ಕರ್ರಗಾಗಿದೆ. ಭದ್ರಾವತಿ ಬಸ್ಸುಗಳು ಕೆಸರು ನೀರು ಸಿಡಿಸುತ್ತ ಓಡುತ್ತಿವೆ. ಬಾಗಿಲು ಮುಚ್ಚಿ ದಶಕಗಳೇ ಆದ ಸಕ್ಕರೆ ಕಾರ್ಖಾನೆ, ಅದರಾಚೆ ಗದ್ದೆ, ಅಡಿಕೆ ತೋಟ. ಟೀ ಅಂಗಡಿಯ ತಗಡಿನಡಿ ನಿಂತ ರೈತರ ಕಣ್ಣು ಮೊಬೈಲಿನ ಮೇಲೆ.

‘ಡ್ಯಾಮ್ ಎಷ್ಟಾತೋ?’

‘ನೂರೈವತ್ತು ದಾಟೈತೆ ಕಣಣ್ಣ.’

ಇನ್ನೇನೂ ಬಿಡಿಸಿ ಹೇಳಬೇಕಿಲ್ಲ. ಭದ್ರಾ ಜಲಾಶಯದ ಪೂರ್ಣಮಟ್ಟ 186 ಅಡಿ ಎಂಬುದು ಇಲ್ಲಿ ಮಕ್ಕಳಿಗೂ ಗೊತ್ತು. ಮಳೆಯ ಲೆಕ್ಕವೂ ಅಷ್ಟೇ ಬೇಗ ಕೈಗೆ ಬರುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ಹೊಳೆಯ ಹರಿವನ್ನು ಕೇಂದ್ರ ಜಲ ಆಯೋಗ ತುಂಗೆಗೆ ಶಿವಮೊಗ್ಗದಲ್ಲಿ, ಭದ್ರೆಗೆ ಹೊಳೆಹೊನ್ನೂರಿನಲ್ಲಿ ಅಳೆಯುತ್ತದೆ. ಆಯೋಗವೂ ಇಸ್ರೊವೂ ಸೇರಿ ಕಟ್ಟಿದ ಇಂಡಿಯಾ-ವ್ರಿಸ್ ಜಾಲತಾಣದ ನಕ್ಷೆಯಲ್ಲಿ ಈ ನೆಲದ ಜಲಾನಯನ ಗೆರೆಗಳೂ ಕಾಣುತ್ತವೆ.

ನೀರು ಎಷ್ಟಿದೆ ಎಂಬುದಕ್ಕೆ ಇಷ್ಟೆಲ್ಲ ಕಣ್ಣುಗಳಿವೆ. ನೀರು ಹೇಗಿದೆ ಎಂಬ ಲೆಕ್ಕದ ದಾರಿ ಮಾತ್ರ ನಿಧಾನದ್ದು. ಹೊಳೆಯಂಚಿನಲ್ಲಿ ಗಾಜಿನ ಬಾಟಲಿಗೆ ಗುಳ್ಳೆ ಏಳದಂತೆ ನೀರು ತುಂಬಬೇಕು. ಅದಕ್ಕೆ ಎರಡು ದ್ರಾವಣ ಬಿಟ್ಟು ಬಿರಡೆ ಹಾಕಿ ತಿರುಗಿಸಿದರೆ ಒಳಗೆ ಮೋಡದಂತಹ ಗಸಿ ಕಟ್ಟುತ್ತದೆ. ಕಂದು ಬಣ್ಣವಾದರೆ ನೀರಿನಲ್ಲಿ ಆಮ್ಲಜನಕ ಇದೆ. ಬೆಳ್ಳಗೇ ಉಳಿದರೆ ಮೀನಿಗೆ ಉಸಿರಿಲ್ಲ. ಇನ್ನೊಂದು ಬಾಟಲಿ 27 ಡಿಗ್ರಿ ಶಾಖದಲ್ಲಿ ಮೂರು ದಿನ ಕೂರಬೇಕು. ಆಮೇಲಷ್ಟೇ ಬಿಒಡಿ, ಅಂದರೆ ಕೊಳೆ ತಿಂದುಹಾಕುವ ಆಮ್ಲಜನಕದ ಪ್ರಮಾಣ ಸಿಗುವುದು. ಅದು ಲೀಟರಿಗೆ 3 ಮಿಲಿಗ್ರಾಂ ದಾಟಿದರೆ ಹೊಳೆ ಕೆಟ್ಟಿತೆಂದೇ ಲೆಕ್ಕ. 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ 351 ಕಲುಷಿತ ನದಿಪಾತ್ರಗಳನ್ನು ಪಟ್ಟಿ ಮಾಡಿತು. ಕರ್ನಾಟಕದ 17ರಲ್ಲಿ ನಮ್ಮ ತುಂಗೆಯೂ ಇದ್ದಳು, ಭದ್ರೆಯೂ ಇದ್ದಳು.

ಈ ಅಂಕಿಗಳು ಬಹುಪಾಲು ವರ್ಷದ ಕನಿಷ್ಠ, ಗರಿಷ್ಠ ಎಂಬ ಕೋಷ್ಟಕಗಳಾಗಿ, ಕಾಲ ಮೀರಿ ಹೊರಬರುತ್ತವೆ. ಮೊದಲ ಮಳೆ ಊರ ಚರಂಡಿಯನ್ನು ತೊಳೆದು ಹೊಳೆಗೆ ತಳ್ಳಿದ ದಿನ ನೀರು ಹೇಗಿತ್ತೆಂದು ಕೋಷ್ಟಕ ಹೇಳಲಾರದು. ಹೇಳಬಲ್ಲದ್ದು ಕಂಪ್ಯೂಟರ್ ಮಾದರಿ. ಅಮೆರಿಕದ ಕೃಷಿ ಇಲಾಖೆಯ ಸಂಶೋಧಕರು ಕಟ್ಟಿದ ‘ಸ್ವಾಟ್’ ಅಂಥದೊಂದು ಉಚಿತ ತಂತ್ರಾಂಶ. ಇಳಿಜಾರು, ಮಣ್ಣು, ಬೆಳೆ, ಮಳೆಯ ಅಂಕಿ ಕೊಟ್ಟರೆ ಯಾವ ಹಳ್ಳದಿಂದ ಎಷ್ಟು ಮಣ್ಣು, ಎಷ್ಟು ನೈಟ್ರೇಟ್ ಇಳಿದೀತೆಂದು ಅಂದಾಜು ಕಟ್ಟುತ್ತದೆ. ಅಂದಾಜು ಸರಿಯೋ ತಪ್ಪೋ ಎಂದು ತಾಳೆ ನೋಡಲು ಹೊಳೆಯಲ್ಲಿ ಅಳೆದ ಅಂಕಿಯೇ ಬೇಕು. ಅಮೆರಿಕದ್ದೇ ಆದ ‘ಹೈಡ್ರೋಶೇರ್’ ತಾಣದಲ್ಲಿ ಅಂಕಿಯನ್ನೂ ಮಾದರಿಯನ್ನೂ ಒಟ್ಟಿಗೆ ಇಡುತ್ತಾರೆ. ಯಾರು ಬೇಕಾದರೂ ಇಳಿಸಿಕೊಂಡು ಮತ್ತೆ ನಡೆಸಿ ನೋಡಬಹುದು.

ನಮ್ಮಲ್ಲಿ ಮಳೆ ಒಂದು ಕಚೇರಿಯದು, ಹರಿವು ಮತ್ತೊಂದರದು, ಕೊಳೆ ಮಗದೊಂದರದು. ಗಂಗಾಮೂಲದಲ್ಲಿ ಹುಟ್ಟಿದ ಇಬ್ಬರು ಅಕ್ಕತಂಗಿಯರು ಶಿವಮೊಗ್ಗ, ಭದ್ರಾವತಿಗಳ ಕೊಳೆ ಹೊತ್ತು ಕೂಡಲಿಯಲ್ಲಿ ಒಂದಾಗುತ್ತಾರೆ. ಹೊನ್ನಾಳಿ, ಹರಿಹರದವರ ಪಾಲಿಗೆ ಬರುವುದು ಆ ಕೂಡಿದ ನೀರೇ. ಮೂರು ಲೆಕ್ಕಗಳೂ ಕನ್ನಡದಲ್ಲಿ, ಒಂದೇ ಪರದೆಯಲ್ಲಿ, ಅಂದಂದಿಗೇ ಸಿಗಬೇಕು. ಅಣೆಕಟ್ಟೆಯ ಅಡಿಲೆಕ್ಕವನ್ನು ಬಾಯಲ್ಲೇ ಇಟ್ಟುಕೊಂಡಿರುವ ರೈತನಿಗೆ ಬಿಒಡಿ ಲೆಕ್ಕ ಕಷ್ಟವಲ್ಲ. ಅದು ಅವನ ಕೈಗೆ ಬಂದ ದಿನ, ‘ಹೊಳೆ ಯಾಕೆ ಕೆಟ್ಟಿತು’ ಎಂದು ಗ್ರಾಮಸಭೆಯಲ್ಲಿ, ಪಾಲಿಕೆಯಲ್ಲಿ ಅವನೇ ಎದ್ದು ಕೇಳುತ್ತಾನೆ.