ದಿನಕ್ಕೆ ಒಗ್ಗದ ತಿಥಿ

ಹಬ್ಬ ಹತ್ತಿರ ಬಂದರೆ ಮನೆಮನೆಯಲ್ಲೂ ಅದೇ ಪ್ರಶ್ನೆ: ಈ ಸಲ ಯಾವತ್ತು ಮಾಡೋದು, ಇವತ್ತೋ ನಾಳೆಯೋ? ಗೋಡೆಯ ಕ್ಯಾಲೆಂಡರ್ ಒಂದು ಹೇಳಿದರೆ ಪುರೋಹಿತರು ಇನ್ನೊಂದು ಹೇಳುತ್ತಾರೆ. ಅಷ್ಟರಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಮೂರನೆಯದು ಬಂದಿರುತ್ತದೆ. ಕೃಷ್ಣ ಜನ್ಮಾಷ್ಟಮಿಯಂತೂ ಕರ್ನಾಟಕಕ್ಕೆ ಎಷ್ಟೋ ವರ್ಷ ಎರಡೆರಡು ಸಲ ಬರುತ್ತದೆ. ಚಾಂದ್ರಮಾನದವರು ಶ್ರಾವಣ ಬಹುಳ ಅಷ್ಟಮಿಗೆ ಪೂಜೆ ಮುಗಿಸಿದರೂ ಉಡುಪಿಯಲ್ಲಿ ಸೌರಮಾನದ ಸಿಂಹ ಮಾಸ ಆಗಬೇಕು ಎನ್ನುತ್ತಾರೆ. ಇದನ್ನು ಗೊಂದಲ ಎಂದು ಬೈಯುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಸೂರ್ಯ, ಚಂದ್ರ ಇಬ್ಬರನ್ನೂ ಕೈಬಿಡದೆ ಕಾಲ ಎಣಿಸಲು ಹೊರಟವರಿಗೆ ಇಷ್ಟು ತಕರಾರು ತಪ್ಪಿದ್ದಲ್ಲ.

ತಕರಾರಿನ ಮೂಲ ತಿಥಿ. ಚಂದ್ರ ಸೂರ್ಯನಿಗಿಂತ 12 ಡಿಗ್ರಿ ಮುಂದೆ ಸರಿದರೆ ಒಂದು ತಿಥಿ, ಅಂಥ ಮೂವತ್ತಕ್ಕೆ ಒಂದು ತಿಂಗಳು. ಕೇಳಲು ಸುಲಭ. ಆದರೆ ಚಂದ್ರನ ನಡಿಗೆ ಒಂದೇ ಸಮ ಇರುವುದಿಲ್ಲ. ಭೂಮಿಗೆ ಹತ್ತಿರ ಬಂದಾಗ ದಾಪುಗಾಲು, ದೂರ ಹೋದಾಗ ನಿಧಾನ. ಹಾಗಾಗಿ ಒಂದು ತಿಥಿ ಸುಮಾರು 20 ಗಂಟೆಗೇ ಮುಗಿದುಹೋದರೆ ಮತ್ತೊಂದು 26 ಗಂಟೆ ದಾಟಿ ಎಳೆಯುತ್ತದೆ. ಅದು ಶುರುವಾಗುವುದಕ್ಕೂ ಹೊತ್ತುಗೊತ್ತಿಲ್ಲ. ಮಟಮಟ ಮಧ್ಯಾಹ್ನವೂ ಆಗಬಹುದು, ನಡುರಾತ್ರಿಯೂ ಆಗಬಹುದು. ಸೂರ್ಯೋದಯಕ್ಕೆ ಯಾವ ತಿಥಿಯಿದೆಯೋ ಆ ಹೆಸರು ಇಡೀ ದಿನಕ್ಕೆ. ಎರಡು ಸೂರ್ಯೋದಯಗಳ ನಡುವೆಯೇ ಹುಟ್ಟಿ ಮುಗಿದ ತಿಥಿಗೆ ದಿನವೇ ಸಿಗುವುದಿಲ್ಲ, ಅದು ಕ್ಷಯ. ಎರಡು ಸೂರ್ಯೋದಯ ಕಂಡದ್ದು ವೃದ್ಧಿ.

ಹಬ್ಬಗಳಿಗೆ ಈ ಸೂರ್ಯೋದಯದ ನಿಯಮವೂ ಸಾಲದು. ಗಣೇಶನ ಚೌತಿ ಮಧ್ಯಾಹ್ನಕ್ಕೆ ಇರಬೇಕು, ಶಿವರಾತ್ರಿಯ ಚತುರ್ದಶಿ ನಡುರಾತ್ರಿಗೆ, ದೀಪಾವಳಿಯ ಅಮಾವಾಸ್ಯೆ ಸಂಜೆಗೆ. ಏಕಾದಶಿಯ ವಿಷಯದಲ್ಲಂತೂ ವೈಷ್ಣವರು ಸೂರ್ಯೋದಯಕ್ಕೂ ನಾಲ್ಕು ಗಳಿಗೆ ಹಿಂದಿನ ಅರುಣೋದಯವನ್ನು ನೋಡುತ್ತಾರೆ. ಆ ಹೊತ್ತಿಗೆ ದಶಮಿಯ ಸೋಂಕು ಉಳಿದಿದ್ದರೆ ಉಪವಾಸ ಮರುದಿನಕ್ಕೆ. ಸ್ಮಾರ್ತರು ಊಟ ಬಿಟ್ಟ ದಿನ ಪಕ್ಕದ ಮನೆಯಲ್ಲಿ ಒಗ್ಗರಣೆಯ ಘಮ ಬರುವುದು ಇದರಿಂದಲೇ.

ಗಳಿಗೆ ಎಂದರೆ 24 ನಿಮಿಷ. ಅರವತ್ತು ಗಳಿಗೆಗೆ ಒಂದು ದಿನ, ಎರಡು ಗಳಿಗೆಗೆ ಒಂದು ಮುಹೂರ್ತ, ಏಳೂವರೆಗೆ ಒಂದು ಜಾವ. ಇದನ್ನು ಅಳೆಯುತ್ತಿದ್ದುದು ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲಿನಿಂದ. ನೀರಿನ ಮೇಲೆ ತೇಲಲು ಬಿಟ್ಟರೆ ತೂತಿನಿಂದ ನೀರು ಮೆಲ್ಲಗೆ ಏರಿ, ತುಂಬಿ, ಬಟ್ಟಲು ಮುಳುಗುತ್ತದೆ. ಹಗಲು ರಾತ್ರಿ ಸೇರಿ ಅರವತ್ತು ಸಲ ಮುಳುಗಿದರೆ ಅದು ಸರಿಯಾದ ಬಟ್ಟಲು ಎಂದು ಸೂರ್ಯಸಿದ್ಧಾಂತ ಹೇಳುತ್ತದೆ. ಭಾಸ್ಕರಾಚಾರ್ಯರ ಮಗಳು ಲೀಲಾವತಿಯ ಮುತ್ತು ಬಿದ್ದು ತೂತು ಮುಚ್ಚಿ ಮದುವೆಯ ಮುಹೂರ್ತವೇ ತಪ್ಪಿತೆಂಬ ಕಥೆ ಎಲ್ಲರಿಗೂ ಗೊತ್ತು. ಆ ಕಥೆ ನಮಗೆ ಬಂದಿರುವುದು ಅವಳ ಹೆಸರಿನದೇ ಆದ ಭಾಸ್ಕರಾಚಾರ್ಯರ ಗಣಿತ ಗ್ರಂಥಕ್ಕೆ ಮೊಘಲ್ ಆಸ್ಥಾನದ ಕವಿ ಫೈಜಿ 1587ರಲ್ಲಿ ಮಾಡಿದ ಪಾರಸಿ ಅನುವಾದದ ಮೂಲಕ. ಮೂಲ ಗ್ರಂಥ 1150ರದು. ನಾನಂತೂ ಅದನ್ನು ಚೆಂದದ ಕಥೆಯೆಂದಷ್ಟೇ ಓದುತ್ತೇನೆ.

ಬಟ್ಟಲು ಕಾಯುವವರನ್ನು ಕಣ್ಣಾರೆ ಕಂಡು ಬರೆದವನು ಬಾಬರ್. ಊರೂರಲ್ಲಿ ಗಡಿಯಾಳಿಗಳೆಂಬ ನೌಕರರು ದಪ್ಪ ಹಿತ್ತಾಳೆಯ ತಟ್ಟೆಯನ್ನು ಎತ್ತರದಲ್ಲಿ ತೂಗುಹಾಕಿ, ಬಟ್ಟಲು ಮುಳುಗಿದಾಗಲೆಲ್ಲ ಬಾರಿಸುತ್ತಿದ್ದರು. ಬಾಬರನಿಗೆ ಒಂದು ಕೊರತೆ ಕಂಡಿತು. ರಾತ್ರಿ ಎಚ್ಚರವಾದವನಿಗೆ ಮೂರು ಏಟು ಕೇಳಿಸಿದರೆ ಅದು ಎರಡನೇ ಜಾವದ ಮೂರೋ, ಮೂರನೇ ಜಾವದ ಮೂರೋ ತಿಳಿಯುತ್ತಿರಲಿಲ್ಲ. ಗಳಿಗೆ ಬಾರಿಸಿ, ಸ್ವಲ್ಪ ತಡೆದು, ಜಾವದ ಸಂಖ್ಯೆಯನ್ನೂ ಬಾರಿಸಿ ಎಂದು ಅವನು ಅಪ್ಪಣೆ ಮಾಡಿದ. ತನ್ನ ಈ ಸುಧಾರಣೆಯ ಬಗ್ಗೆ ಅವನಿಗೆ ಸಾಕಷ್ಟು ಹೆಮ್ಮೆಯೂ ಇತ್ತು.

ಇನ್ನು ದೊಡ್ಡ ಲೆಕ್ಕ. ಹನ್ನೆರಡು ಚಾಂದ್ರಮಾಸಕ್ಕೆ 354 ದಿನ, ಸೂರ್ಯನ ವರ್ಷಕ್ಕೆ 365. ವರ್ಷಕ್ಕೆ ಹನ್ನೊಂದು ದಿನದ ಈ ಸಾಲ ಬೆಳೆದು ತಿಂಗಳಾದಾಗ ಅಧಿಕಮಾಸ ಬರುತ್ತದೆ. ಎಲ್ಲಿ ಬರಬೇಕೆಂದು ಯಾರೂ ಸಭೆ ಸೇರಿ ತೀರ್ಮಾನಿಸುವುದಿಲ್ಲ. ಎರಡು ಅಮಾವಾಸ್ಯೆಗಳ ನಡುವೆ ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟದಿದ್ದರೆ, ಅಂದರೆ ಸಂಕ್ರಾಂತಿಯೇ ಆಗದಿದ್ದರೆ, ಆ ತಿಂಗಳು ಅಧಿಕ. ಪರಾಭವ ಸಂವತ್ಸರದಲ್ಲಿ, 2026ರ ಮೇ 17ರಿಂದ ಜೂನ್ 15ರವರೆಗೆ, ಹಾಗೆ ಬರುವುದು ಅಧಿಕ ಜ್ಯೇಷ್ಠ.

ಯುಗಗಳ ಲಕ್ಷಾಂತರ ವರ್ಷಗಳನ್ನು ಬರೀ ಪುರಾಣದ ಉತ್ಪ್ರೇಕ್ಷೆ ಎಂದು ತಳ್ಳಿಹಾಕುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಕ್ರಿ.ಶ. 499ರಲ್ಲಿ 23 ವರ್ಷದವನಾಗಿದ್ದ ಆರ್ಯಭಟನಿಗೆ 43,20,000 ವರ್ಷದ ಯುಗ ಒಂದು ಲೆಕ್ಕದ ಸಾಧನ. ದಶಮಾಂಶ ಭಿನ್ನರಾಶಿಯ ಬರವಣಿಗೆ ಇಲ್ಲದ ಕಾಲದಲ್ಲಿ ಗ್ರಹಗಳ ಸುತ್ತುಗಳನ್ನು ಪೂರ್ಣಾಂಕದಲ್ಲೇ ಹೇಳಬೇಕಾದರೆ ಅಷ್ಟು ದೊಡ್ಡ ಅವಧಿ ಬೇಕಿತ್ತು. ಅವನು ಕೊಟ್ಟ ಅಂಕಿಗಳ ಪ್ರಕಾರ ಒಂದು ಯುಗದಲ್ಲಿ ಚಂದ್ರನ ಸುತ್ತು 5,77,53,336, ದಿನಗಳು 1,57,79,17,500. ಚಂದ್ರನ ಸುತ್ತಿನಲ್ಲಿ ಸೂರ್ಯನದನ್ನು ಕಳೆದರೆ ಚಾಂದ್ರಮಾಸಗಳು ಸಿಗುತ್ತವೆ. ಅವುಗಳಿಂದ ದಿನಗಳನ್ನು ಭಾಗಿಸಿದರೆ ಒಂದು ತಿಂಗಳಿಗೆ 29.53058 ದಿನ. ಇಂದಿನ ಖಗೋಳಶಾಸ್ತ್ರ ಹೇಳುವುದು 29.53059. ಹಾಗೆಂದು ಯುಗದ ಬಗ್ಗೆ ಎಲ್ಲರದೂ ಒಂದೇ ಮಾತಾಗಿರಲಿಲ್ಲ. ಆರ್ಯಭಟ ನಾಲ್ಕು ಯುಗಗಳನ್ನೂ ಸಮನಾಗಿ ಹಂಚಿದ್ದಕ್ಕೆ, ಇದು ಸ್ಮೃತಿಗೆ ವಿರುದ್ಧ ಎಂದು ಬ್ರಹ್ಮಗುಪ್ತ ಜಾಡಿಸಿದ್ದಾನೆ. ಕೃತಯುಗಕ್ಕೆ 17,28,000, ಕಲಿಗೆ 4,32,000 ಎಂಬ ಇಳಿಜಾರಿನ ಲೆಕ್ಕವೇ ಕೊನೆಗೆ ಉಳಿಯಿತು.

ಕಲ್ಲಿನ ಮೇಲೆ ಇಂಥ ಲೆಕ್ಕ ನೋಡಬೇಕಾದರೆ ಐಹೊಳೆಯ ಮೇಗುತಿ ಗುಡ್ಡ ಹತ್ತಬೇಕು. ಇಮ್ಮಡಿ ಪುಲಕೇಶಿಯ ಕಾಲದ ರವಿಕೀರ್ತಿ ತನ್ನ ಶಾಸನದಲ್ಲಿ ಶಕ ವರ್ಷ 556ನ್ನು ಹೇಳಿದ್ದಾನೆ, ಜೊತೆಗೆ ಭಾರತ ಯುದ್ಧವಾಗಿ 3735 ವರ್ಷ ಸಂದವು ಎಂದೂ ಹೇಳಿದ್ದಾನೆ. ಎರಡೂ ಬಂದು ನಿಲ್ಲುವುದು ಕ್ರಿ.ಶ. 634ಕ್ಕೇ. ಮುಂದಿನ ಶತಮಾನಗಳ ಶಾಸನಗಳಲ್ಲಿ ಶಕ ವರ್ಷ, ಸಂವತ್ಸರ, ಮಾಸ, ತಿಥಿ, ವಾರ, ಗ್ರಹಣವಿದ್ದರೆ ಅದೂ ಸಾಲಾಗಿ ಬರುತ್ತವೆ. ತಿಥಿ ಹೀಗೆ ಹಿಗ್ಗಿ ಕುಗ್ಗುವುದರಿಂದ ಅದನ್ನು ವಾರದೊಂದಿಗೆ ತಾಳೆ ಮಾಡುವುದು ಕಷ್ಟ. ಆದ್ದರಿಂದಲೇ ಸುಳ್ಳು ದಾನಪತ್ರ ಸೃಷ್ಟಿಸಿದವರು ಸಿಕ್ಕಿಬೀಳುವುದು ಸುಲಭ. ಸೂವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರು 1896ರಲ್ಲಿ ಪ್ರಕಟಿಸಿದ ಕೋಷ್ಟಕಗಳನ್ನು ಇತಿಹಾಸಕಾರರು ಇಂಥ ಪರೀಕ್ಷೆಗೆ ಬಳಸಿದರು.

ರೈತರು ಮಾತ್ರ ತಿಥಿಯ ಜಂಜಾಟಕ್ಕೆ ಹೋಗಲೇ ಇಲ್ಲ. ಬಿತ್ತನೆಗೆ ಚಂದ್ರನಿಂದೇನೂ ಆಗಬೇಕಿಲ್ಲವಲ್ಲ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು ಹದಿನಾಲ್ಕು ದಿನವೇ ಅವರ ಲೆಕ್ಕ: ಮೇ 25ರ ಹೊತ್ತಿಗೆ ರೋಹಿಣಿ ಮಳೆ ಹುಟ್ಟುತ್ತದೆ, ಜೂನ್ ಮೊದಲ ವಾರ ಕಳೆದರೆ ಮೃಗಶಿರ, ಇಪ್ಪತ್ತೊಂದು ಇಪ್ಪತ್ತೆರಡಕ್ಕೆ ಆರಿದ್ರಾ. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎಂಬ ಮಾತಿಗೆ ಅಧಿಕಮಾಸದ ಕಾಟವಿಲ್ಲ. ತುಳುನಾಡಿನ ಪಗ್ಗು, ಆಟಿ, ಸೋಣ ತಿಂಗಳುಗಳೂ ಇದೇ ಸೌರ ಜಾತಿಯವು.

ಆದರೆ ಸೂರ್ಯನ ಲೆಕ್ಕವೂ ಜಾರುತ್ತಿದೆ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು ಮಕರ ಸಂಕ್ರಾಂತಿಯ ದಿನ, ಆವತ್ತು 1863ರ ಜನವರಿ 12. ಈಗ ಎಳ್ಳು ಬೀರುವುದು 14 ಅಥವಾ 15ಕ್ಕೆ. ನಮ್ಮ ಸಂಕ್ರಾಂತಿ ನಕ್ಷತ್ರಗಳನ್ನು ಹಿಡಿದು ನಡೆಯುತ್ತದೆ, ಋತುಗಳು ವಿಷುವವನ್ನು ಹಿಡಿದು. ಭೂಮಿಯ ಅಕ್ಷದ ಓಲಾಟದಿಂದ ಇವೆರಡರ ನಡುವೆ ಸುಮಾರು 70 ವರ್ಷಕ್ಕೊಂದು ದಿನದ ಅಂತರ ಬೀಳುತ್ತದೆ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21, 22ಕ್ಕೆ. ಉತ್ತರಾಯಣ ಪುಣ್ಯಕಾಲ ನಾವು ಆಚರಿಸುವುದು ಮೂರು ವಾರ ತಡವಾಗಿ. ಮೇಘನಾದ ಸಹಾ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ ಇದನ್ನು ಎತ್ತಿ ತೋರಿಸಿತು. ಅದರ ಶಿಫಾರಸಿನಂತೆ 1957ರ ಮಾರ್ಚ್ 22ರಂದು, ಚೈತ್ರ 1, ಶಕ 1879 ಎಂದು, ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು. ಅದು ಸರ್ಕಾರಿ ಗೆಜೆಟ್ಟಿನ ತಲೆಬರಹದಲ್ಲಿದೆ. ಹಬ್ಬ ಮಾಡುವವರು ಅದರ ಗೊಡವೆಗೆ ಹೋಗಲಿಲ್ಲ.

ಈ ಜಾರುವಿಕೆ ರೈತರ ಮಳೆಗಳನ್ನೂ ಬಿಟ್ಟಿಲ್ಲ. ಸಾವಿರ ವರ್ಷಕ್ಕೆ ಸುಮಾರು ಹದಿನಾಲ್ಕು ದಿನವೆಂದರೆ ಸರಿಯಾಗಿ ಒಂದು ಮಳೆನಕ್ಷತ್ರದಷ್ಟು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ರೋಹಿಣಿ ಹುಟ್ಟುತ್ತಿದ್ದ ಹವೆಯಲ್ಲಿ ಇವತ್ತು ಹುಟ್ಟುವುದು ಅದರ ಹಿಂದಿನ ಕೃತ್ತಿಕೆ.